ಚಾಮಯ್ಯ ಮೇಷ್ಟರ ತಪ್ಪೇನು?

ಕಳೆದ ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಐದು ಜನ ಹೆಂಗಸರು ಟಿವಿ ಮುಂದೆ ಕುಳಿತು ‘ನಾಗರಹಾವು’ ನೋಡಿದೆವು. ನಮ್ಮ ಲೋಕಾಪುರದ ಬೇಸಿಗೆ ಕಂಡವರಿಗೆ ಗೊತ್ತು, ಹನ್ನೊಂದು ಗಂಟೆಯ ಮೇಲೆ ಹೊರಗೆ ಕಾಲಿಡುವ ಮಾತಿಲ್ಲ. ಬಾಗಿಲು ಮುಂದೆ ಮಾಡಿಕೊಂಡು, ಫ್ಯಾನು ಹಚ್ಚಿ, ಶೇಂಗಾ ಸುಲಿಯುತ್ತ ಕೂಡುವುದೇ ಕೆಲಸ. ಎಂಬತ್ತು ದಾಟಿದ ನಮ್ಮ ಅತ್ತೆಯವರು, ಹುಬ್ಬಳ್ಳಿಯಿಂದ ಬಂದಿದ್ದ ವೈನಿ, ಬ್ಯಾಂಕಿನಲ್ಲಿ ನೌಕರಿ ಮಾಡುವ ಆಕೆಯ ಮಗಳು, ಬಾಜೂಮನೆಯ ಕಾಕು ಮತ್ತು ನಾನು. ಚಿತ್ರ ಮುಗಿಯಿತು. ರಾಮಾಚಾರಿಯ ಕೈಯಿಂದಲೇ ಚಾಮಯ್ಯ ಮೇಷ್ಟರು ಬೆಟ್ಟದಿಂದ ಬಿದ್ದರು. ರಾಮಾಚಾರಿ, ಮಾರ್ಗರೆಟ್ಟರೂ ಉಳಿಯಲಿಲ್ಲ. ಎಲ್ಲರೂ ಸೆರಗಿನಿಂದ ಕಣ್ಣೊರೆಸಿಕೊಂಡೆವು. ಅಲ್ಲಿಯವರೆಗೆ ನಾವು ಐವರೂ ಒಂದೇ. ಚಹಾಕ್ಕೆ ನೀರಿಟ್ಟು ಬರುವುದರೊಳಗೆ ಜಗಳ ಶುರುವಾಗಿತ್ತು.

“ಮಾಸ್ತರದೇನ್ ತಪ್ಪೈತಿ? ಹಿರ್ಯಾರು ಹೇಳೂದ ಹೇಳಿದ್ರು. ಅಕಿ ದೈವ ಖೊಟ್ಟಿ, ಗಂಡ ಕೆಟ್ಟಂವ ಸಿಕ್ಕ” ಅಂದರು ಅತ್ತೆಯವರು.

“ದೈವ ಅಲ್ಲ ಆಯಿ. ಮಾಸ್ತರ ಅಂದ್ರ ಆ ಹುಡುಗಗ ದೇವರು. ಅದು ಗೊತ್ತಿದ್ದ ಅಂವನ ಬಾಯಿ ಕಟ್ಟಿದ್ರು. ಕೆಡಿಸಿದ್ದ ಆ ಮಾಸ್ತರ” ಅಂದಳು ಅಣ್ಣನ ಮಗಳು.

ವೈನಿ ಮಗಳ ಕಡೆ ಒಂದು ಸಲ, ಹಿರಿಯರ ಕಡೆ ಒಂದು ಸಲ ನೋಡಿ, “ಆ ಕಾಲ ಹಂಗಿತ್ತ ಬಿಡ್ರಿ” ಅಂದು ಜಾರಿಕೊಂಡಳು. ಬಾಜೂಮನೆಯ ಕಾಕು ಮಾತ್ರ, “ನಿಮಗೆಲ್ಲಾ ರಾಮಾಚಾರಿದ ಚಿಂತಿ. ಆ ಮಾರ್ಗರೆಟ್ ಏನ್ ಪಾಪ ಮಾಡಿದ್ಲು ಹೇಳ್ರಿ? ಅಕಿ ಸತ್ತದ್ದ ಯಾರಿಗೂ ಲೆಕ್ಕಿಲ್ಲ” ಅಂದು ಸಿಟ್ಟಾದರು.

“ಅತ್ತಿ, ನೀ ಮಾಸ್ತರಕಿ. ನೀ ಹೇಳು” ಎಂದು ಅಣ್ಣನ ಮಗಳು ನನ್ನ ಕಡೆ ತಿರುಗಿದಳು. ನಾನು ಚಹಾ ಉಕ್ಕೀತೆಂದು ಒಳಗೆ ಹೋದೆ. ಚಹಾ ಉಕ್ಕಿರಲಿಲ್ಲ. ಉತ್ತರ ಕೊಡಲು ನನಗೆ ಧೈರ್ಯವಿರಲಿಲ್ಲ. ಅದು ಯಾಕೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನನ್ನನ್ನು ಕಾಡಿದ ಪ್ರಶ್ನೆ ಇದು: ಎಲ್ಲರೂ ಮೆಚ್ಚಿದ, ಎಲ್ಲರೂ ಅತ್ತ ಒಂದು ಪ್ರೇಮಕಥೆ, ಮುಗಿದ ಕೂಡಲೇ ಒಂದೇ ಮನೆಯ ಜನರನ್ನು ನಾಲ್ಕು ದಿಕ್ಕಿಗೆ ಯಾಕೆ ಎಳೆಯುತ್ತದೆ?

ಮರೆತವರಿಗಾಗಿ ಕಥೆಯನ್ನು ಚಿಕ್ಕದಾಗಿ ನೆನಪಿಸುತ್ತೇನೆ. ಚಿತ್ರದುರ್ಗದ ಹುಡುಗ ರಾಮಾಚಾರಿ ಮಹಾ ಸಿಟ್ಟಿನವನು. ತಂದೆ-ತಾಯಿಗೆ ಬಗ್ಗದವನು, ಚಿಕ್ಕಂದಿನಲ್ಲಿ ಕಲಿಸಿದ ಚಾಮಯ್ಯ ಮೇಷ್ಟರಿಗೆ ಮಾತ್ರ ಬಗ್ಗುತ್ತಾನೆ. ಗೆಳೆಯ ವರದ ತನ್ನ ತಂಗಿ ಅಲಮೇಲುವನ್ನು ಒಬ್ಬ ಪುಂಡನ ಕಾಟದಿಂದ ಬಿಡಿಸು ಎಂದು ಕೇಳಿದಾಗ, ಆಕೆಯನ್ನು ತನಗೇ ಕೊಡಬೇಕೆಂಬ ಮಾತಿನ ಮೇಲೆ ಒಪ್ಪುತ್ತಾನೆ. ಮುಂದೆ ಇಬ್ಬರಲ್ಲೂ ಪ್ರೀತಿ ಬೆಳೆಯುತ್ತದೆ. ಜಾತಿಯ ಮಾತು ಬಂದಾಗ ವರದ ಹಿಂದೆ ಸರಿಯುತ್ತಾನೆ. ಮೇಷ್ಟರು ರಾಮಾಚಾರಿಯ ಮನವೊಲಿಸಿ ಆಸೆ ಬಿಡಿಸುತ್ತಾರೆ. ಅಲಮೇಲು ಬೇರೆಯವನನ್ನು ಮದುವೆಯಾಗಿ, ಆ ಗಂಡನ ದೆಸೆಯಿಂದಲೇ ಮೈಮಾರಿಕೊಳ್ಳುವ ಗತಿಗೆ ಬರುತ್ತಾಳೆ. ರಾಮಾಚಾರಿ ಅದನ್ನು ಕಣ್ಣಾರೆ ಕಾಣುತ್ತಾನೆ. ಹೀಗಾಗಿ ಕ್ರೈಸ್ತರ ಹುಡುಗಿ ಮಾರ್ಗರೆಟ್ಟಳ ವಿಷಯದಲ್ಲಿ ಮೇಷ್ಟರು ಮತ್ತೆ ಅಡ್ಡ ಬಂದಾಗ ಅವನು ಬಗ್ಗುವುದಿಲ್ಲ. ಕೊನೆಗೆ ಮೂವರೂ ಇಲ್ಲವಾಗುತ್ತಾರೆ.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು, ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’, ಸೇರಿಸಿ ಪುಟ್ಟಣ್ಣ ಕಣಗಾಲರು ಮಾಡಿದ ಚಿತ್ರವಿದು. ತೆರೆಗೆ ಬಂದದ್ದು 1972ರ ಡಿಸೆಂಬರ್ ಕೊನೆಯಲ್ಲಿ. ವಿಷ್ಣುವರ್ಧನ್ ನಾಯಕರಾದದ್ದೂ, ಅಂಬರೀಷ್ ಮೊದಲ ಸಲ ಪರದೆಗೆ ಬಂದದ್ದೂ ಇದರಲ್ಲಿಯೇ. ಆರತಿ ಅಲಮೇಲುವಾದರು, ಶುಭಾ ಮಾರ್ಗರೆಟ್ ಆದರು. ಕೆ.ಎಸ್. ಅಶ್ವತ್ಥರಂತೂ ಊರೂರಿಗೆ ‘ಚಾಮಯ್ಯ ಮೇಷ್ಟ್ರು’ ಎಂದೇ ಉಳಿದುಬಿಟ್ಟರು. 2018ರಲ್ಲಿ ಹೊಸ ತಂತ್ರಜ್ಞಾನದಲ್ಲಿ ತಿದ್ದಿ ಮತ್ತೆ ಬಿಡುಗಡೆ ಮಾಡಿದಾಗಲೂ ಜನ ಮುಗಿಬಿದ್ದರು.

ಇಷ್ಟು ಮೆಚ್ಚುಗೆ ಪಡೆದ ಚಿತ್ರವನ್ನು ಒಪ್ಪದವರಲ್ಲಿ ಮೊದಲಿಗರು ಯಾರು ಗೊತ್ತೆ? ಅದರ ಕಥೆ ಬರೆದ ತ.ರಾ.ಸು. ಅವರೇ. ತಮ್ಮ ನಾಗರಹಾವನ್ನು ಪುಟ್ಟಣ್ಣನವರು ಕೇರೆಹಾವು ಮಾಡಿಬಿಟ್ಟರೆಂದು ಅವರು ಬೇಸರಪಟ್ಟದ್ದು ಎಲ್ಲರೂ ಬಲ್ಲ ಸಂಗತಿ. ಇದೇ ಕಥೆಯನ್ನು ಪುಟ್ಟಣ್ಣನವರೇ 1974ರಲ್ಲಿ ರಿಷಿ ಕಪೂರರನ್ನು ಹಾಕಿಕೊಂಡು ‘ಜಹರೀಲಾ ಇನ್ಸಾನ್’ ಎಂದು ಹಿಂದಿಯಲ್ಲಿ ಮಾಡಿದರು. ಅದು ಓಡಲಿಲ್ಲ. ಕಥೆಯೂ ಅದೇ, ನಿರ್ದೇಶಕರೂ ಅವರೇ. ನೋಡುವ ಜನ ಬೇರೆ.

ಪ್ರೇಮಕಥೆಗಳಿಗೆ ಈ ಹಣೆಬರಹ ಹೊಸದಲ್ಲ. ಮರುವರ್ಷವೇ, 1973ರಲ್ಲಿ, ಪುಟ್ಟಣ್ಣನವರು ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರ ಮಾಡಿದರು. ಗಂಡನಿದ್ದೂ ದಾಂಪತ್ಯ ಸುಖವಿಲ್ಲದ ಮಾಧವಿ ಇನ್ನೊಬ್ಬನ ಕಡೆಗೆ ವಾಲುವ ಕಥೆ. ಜಯಂತಿಯವರ ಅಭಿನಯವನ್ನು ಹೊಗಳದವರಿಲ್ಲ. ಆದರೆ ಮಾಧವಿಯ ಸುದ್ದಿ ಬಂದರೆ ಇಂದಿಗೂ ಒಬ್ಬರು ಅಯ್ಯೋ ಪಾಪ ಅನ್ನುತ್ತಾರೆ, ಇನ್ನೊಬ್ಬರು ಮುಖ ತಿರುವುತ್ತಾರೆ. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ಯನ್ನು ನೋಡಿ ನಮ್ಮ ಶಾಲೆಯ ಹುಡುಗರೆಲ್ಲ ಪ್ರೀತಮನ ತ್ಯಾಗಕ್ಕೆ ಕರಗಿಹೋದರು. ಸ್ಟಾಫ್ ರೂಮಿನಲ್ಲಿ ನಮ್ಮ ಗೆಳತಿಯೊಬ್ಬರು ಮಾತ್ರ, “ನಂದಿನಿ ಒಪ್ಪಿ ನಿಂತಿದ್ದಳಲ್ರೀ, ಬಿಟ್ಟುಕೊಡಾಕ ಇಂವ ಯಾರು?” ಎಂದು ಕೇಳಿದರು. 2023ರಲ್ಲಿ ಎರಡು ಭಾಗವಾಗಿ ಬಂದ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ್ದೂ ಅದೇ ಕಥೆ. ಸೆರೆಮನೆಯಿಂದ ಹೊರಬಂದ ಮನು, ಬೇರೆಯವನ ಹೆಂಡತಿಯಾದ ಪ್ರಿಯಾಳ ಬದುಕನ್ನು ಮರೆಯಲ್ಲಿ ನಿಂತು ನೋಡುತ್ತಾನೆ. ಒಬ್ಬರಿಗೆ ಅದು ಪ್ರೇಮದ ಪರಾಕಾಷ್ಠೆ. ಇನ್ನೊಬ್ಬರಿಗೆ ಒಬ್ಬ ಹೆಣ್ಣಿನ ಬೆನ್ನು ಹತ್ತಿದ ಗಂಡಸಿನ ಹುಚ್ಚು.

ಆಡುವವರೂ ಇದರಿಂದ ಹೊರತಲ್ಲ. 1955ರಲ್ಲಿ ಬಿಮಲ್ ರಾಯ್ ಮಾಡಿದ ‘ದೇವದಾಸ’ದಲ್ಲಿ ಚಂದ್ರಮುಖಿಯಾಗಿದ್ದ ವೈಜಯಂತಿಮಾಲಾ ಅವರಿಗೆ ಪೋಷಕ ನಟಿಯ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಪಾರ್ವತಿಯಷ್ಟೇ ಚಂದ್ರಮುಖಿಯೂ ಕಥೆಯ ನಾಯಕಿ ಎಂಬುದು ಅವರ ವಾದ. ದೇವದಾಸನ ಜೀವನದಲ್ಲಿ ಯಾರ ಪ್ರೀತಿ ದೊಡ್ಡದು ಎಂಬ ಪ್ರಶ್ನೆಯೇ ಅಲ್ಲಿ ಪ್ರಶಸ್ತಿಯ ರೂಪದಲ್ಲಿ ಬಂದಿತ್ತು.

ನಮ್ಮ ಭಾಗದವರಿಗೆ ಇಂಥ ಪಕ್ಷಗಳು ಸಿನಿಮಾ ಬರುವುದಕ್ಕೆ ಮೊದಲೇ ಗೊತ್ತು. ಶ್ರೀಕೃಷ್ಣ ಪಾರಿಜಾತ ಕಂಡವರನ್ನು ಕೇಳಿರಿ. ಕುಲಗೋಡ ತಮ್ಮಣ್ಣನವರು ತಿದ್ದಿ ಬೆಳೆಸಿದ ಆಟ. ಕೌಜಲಗಿ ನಿಂಗಮ್ಮನಂಥವರು ಹಾಡಿ ಕುಣಿದ ಆಟ. ನಾರದ ತಂದ ಒಂದು ಹೂವು ರುಕ್ಮಿಣಿಗೆ ಹೋಯಿತೆಂದು ಸತ್ಯಭಾಮೆ ಸಿಟ್ಟಾಗುತ್ತಾಳೆ. ರಾತ್ರಿಯೆಲ್ಲ ಅದೇ ಜಗಳ. ನಾನು ಸಣ್ಣವಳಿದ್ದಾಗ ಜಾತ್ರೆಯಲ್ಲಿ ಕಂಬಳಿ ಹಾಸಿ ಕೂತ ಹೆಂಗಸರಲ್ಲಿ ಭಾಮೆಯ ಕಡೆಯವರು, ರುಕ್ಮಿಣಿಯ ಕಡೆಯವರು ಎಂದು ಎರಡು ಗುಂಪಾಗುತ್ತಿದ್ದವು. ಈಗ ನೆನಪಿಸಿಕೊಂಡರೆ, ಗಂಡನನ್ನು ಎದುರು ನಿಂತು ಕೇಳಬಲ್ಲ ಹೆಂಗಸರು ರುಕ್ಮಿಣಿಯ ಕಡೆ, ಮನೆಯಲ್ಲಿ ತುಟಿ ಬಿಚ್ಚಲಾರದವರು ಭಾಮೆಯ ಕಡೆ ಇರುತ್ತಿದ್ದರೆಂದು ತೋರುತ್ತದೆ. ತಾವು ಆಡಲಾರದ ಮಾತನ್ನು ಭಾಮೆ ಆಡುತ್ತಿದ್ದಳಲ್ಲ! ಆದರೆ ಅಲ್ಲಿ ದೇವರೇ ಗಂಡ. ಬೆಳಗಾಗುವುದರೊಳಗೆ ಎಲ್ಲರನ್ನೂ ಸಮಾಧಾನ ಮಾಡುತ್ತಿದ್ದ. ಮಂಗಳಾರತಿಯಾಗಿ ಎರಡೂ ಗುಂಪಿನವರು ಕೂಡಿಯೇ ಮನೆಗೆ ಹೋಗುತ್ತಿದ್ದರು. ಸಿನಿಮಾದ ಪ್ರೇಮಕ್ಕೆ ಮಂಗಳಾರತಿ ಇಲ್ಲ. ಅದರ ಲೆಕ್ಕ ನಮ್ಮ ಮನೆಗೆ ಬರುತ್ತದೆ.

ಯಾಕೆ ಬರುತ್ತದೆ? ಹೊಡೆದಾಟದ ಚಿತ್ರ ನೋಡಿದಾಗ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುತ್ತೇವೆ, ಮುಗಿಯಿತು. ನಮ್ಮಲ್ಲಿ ಯಾರೂ ಹತ್ತು ಜನರನ್ನು ಹೊಡೆದವರಲ್ಲ. ಪ್ರೇಮದ ಮಾತು, ಮದುವೆಯ ಮಾತು ಹಾಗಲ್ಲ. ಆ ವಿಷಯದಲ್ಲಿ ಏನೂ ಗೊತ್ತಿಲ್ಲದವರು ಕೂತ ಜನರಲ್ಲಿ ಒಬ್ಬರೂ ಇರುವುದಿಲ್ಲ. ಬಯಸಿದವರನ್ನು ಪಡೆದವರು, ಪಡೆಯದವರು, ಬಯಸುವ ಮೊದಲೇ ಕೊಟ್ಟುಬಿಡಲ್ಪಟ್ಟವರು, ಬೇರೆಯವರ ಮದುವೆಯನ್ನು ತಾವೇ ನಿಂತು ಗೊತ್ತುಮಾಡಿದವರು, ಹೀಗೆ ಎಲ್ಲರೂ ಕಕ್ಷಿದಾರರೇ. ಕಕ್ಷಿದಾರರೇ ನ್ಯಾಯಾಧೀಶರಾದಾಗ ತೀರ್ಪು ಒಂದಾಗುವುದು ಹೇಗೆ?

ಬಿ.ಎ. ಓದುವಾಗ ಕಾವ್ಯಮೀಮಾಂಸೆಯ ಪಾಠದಲ್ಲಿ ಅಭಿನವಗುಪ್ತನ ರಸವಿಘ್ನಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೆ. ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ರಸಾನುಭವಕ್ಕೆ ಒಂದು ಅಡ್ಡಿ ಎಂದು ಆತ ಹೇಳುತ್ತಾನೆ. ಸಹೃದಯನಾದವನು ತನ್ನ ಮನೆಯ ಚಿಂತೆಯನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬರಬೇಕು. ಮಾತು ದೊಡ್ಡದು, ಪರೀಕ್ಷೆಯಲ್ಲಿ ಅಂಕವನ್ನೂ ತಂದುಕೊಟ್ಟಿತು. ಆದರೆ ಈಗ ಅನಿಸುತ್ತದೆ, ಅಳುವವರೆಗೆ ನಾವು ಸಹೃದಯರಾಗಿಯೇ ಇರುತ್ತೇವೆ. ಅದಕ್ಕೇ ಐವರೂ ಕೂಡಿ ಅತ್ತೆವು. ಕಣ್ಣೊರೆಸಿಕೊಂಡು ಮಾತಿಗೆ ಕುಳಿತಾಗ ಬಿಟ್ಟುಬಂದ ಚಪ್ಪಲಿ ಮತ್ತೆ ಕಾಲಿಗೆ ಬರುತ್ತದೆ.

ಇನ್ನೊಂದು ಕಾರಣವೂ ಇದೆ. ಚಿತ್ರವೊಂದಕ್ಕೆ ಪ್ರಶಸ್ತಿ ಬಂತು, ಪತ್ರಿಕೆಗಳು ಹೊಗಳಿದವು ಎಂದರೆ, ಅದರೊಳಗಿನ ನಡತೆಯೂ ಸರಿ ಎಂದು ಯಾರೋ ದೊಡ್ಡವರು ಮುದ್ರೆ ಒತ್ತಿದಂತೆ ನಮಗೆ ಕಾಣುತ್ತದೆ. ಚಾಮಯ್ಯ ಮೇಷ್ಟರ ಪಾತ್ರ ಶ್ರೇಷ್ಠ ಎಂದರೆ ಅವರು ಮಾಡಿದ್ದೆಲ್ಲ ಶ್ರೇಷ್ಠವೆ? ‘ಮುಂಗಾರು ಮಳೆ’ ಚೆಂದ ಎಂದರೆ ಪ್ರೀತಮ ಮಾಡಿದ್ದು ನ್ಯಾಯವೆ? ಕಥೆ ಚೆನ್ನಾಗಿರುವುದು ಬೇರೆ, ಕಥೆಯೊಳಗಿನವರು ಸರಿಯಾಗಿ ನಡೆದುಕೊಳ್ಳುವುದು ಬೇರೆ. ಈ ಎರಡನ್ನೂ ಒಂದೇ ಗಂಟು ಕಟ್ಟಿದಾಗ ಅರ್ಧ ಜನ ಒಳ್ಳೆಯ ಚಿತ್ರವನ್ನು ಬೈಯುತ್ತಾರೆ, ಇನ್ನರ್ಧ ಜನ ಕೆಟ್ಟ ನಡತೆಯನ್ನು ಹೊಗಳುತ್ತಾರೆ.

ಈಗ ನಾನು ಚಹಾದ ನೆಪ ಮಾಡಿ ಎದ್ದುಹೋದ ಕಾರಣಕ್ಕೆ ಬರುತ್ತೇನೆ.

‘ನಾಗರಹಾವು’ ನಾನು ಮೊದಲು ನೋಡಿದ್ದು ಹತ್ತನೆಯ ಇಯತ್ತೆ ಮುಗಿಸಿದ ವರ್ಷ. ಸಂಬಂಧಿಕರ ಮದುವೆಯಲ್ಲಿ ಬಾಡಿಗೆ ವಿಸಿಆರ್ ತಂದು ರಾತ್ರಿಯೆಲ್ಲ ಸಿನಿಮಾ ಹಾಕುತ್ತಿದ್ದ ಕಾಲ. ಆಗ ನನಗೆ ಚಾಮಯ್ಯ ಮೇಷ್ಟರೆಂದರೆ ದೇವರು. ಇಂಥ ಮಾಸ್ತರ ಆಗಬೇಕು, ಊರೇ ತಿರುಗಿಬಿದ್ದ ಹುಡುಗನೂ ನನ್ನ ಮಾತು ಕೇಳಬೇಕು ಎಂಬ ಆಸೆ ಆಗಲೇ ಹುಟ್ಟಿತೇನೋ. ಬಿ.ಎಡ್. ಮಾಡಿ ಶಾಲೆಗೆ ಸೇರಿದೆ. ಆ ಆಸೆ ಒಂದು ದಿನ ನೆರವೇರಿತು.

ಇಪ್ಪತ್ತು ವರ್ಷದ ಹಿಂದಿನ ಮಾತು. ನನ್ನ ಕೈಯಲ್ಲಿ ಕಲಿತ ಒಬ್ಬ ಹುಡುಗಿ ಪದವಿಯ ಕೊನೆಯ ವರ್ಷದಲ್ಲಿದ್ದಳು. ವಯಸ್ಸು ಇಪ್ಪತ್ತೊಂದು. ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಳು. ಹುಡುಗ ದುಡಿಯುವವನು, ಚಟವಿಲ್ಲದವನು. ಆಕೆಯ ತಂದೆ ಒಂದು ಸಂಜೆ ಮನೆಗೆ ಬಂದು, ಟೊಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, “ಅಕ್ಕೋರ, ನಮ್ಮ ಮಾತ ಕೇಳವಲ್ಲಳ್ರಿ. ನಿಮ್ಮ ಮಾತ ಮೀರೂದಿಲ್ಲ. ಇನ್ನೂ ಇಬ್ಬರು ಹೆಣ್ಣ ಮಕ್ಕಳದಾರ್ರಿ ನನಗ” ಅಂದ. ಆ ಮನುಷ್ಯ ಕೆಟ್ಟವನಲ್ಲ. ಹೆದರಿದವನು.

ಹುಡುಗಿಯನ್ನು ಕರೆಸಿದೆ. ಚಹಾ ಕೊಟ್ಟೆ. ಒಂದು ತಾಸು ಮಾತಾಡಿದೆ. ತಂದೆಯ ಮರ್ಯಾದೆ, ತಂಗಿಯರ ಮದುವೆ, ಊರಿನ ಬಾಯಿ, ಎಲ್ಲ ಹೇಳಿದೆ. ಕೊನೆಗೆ, “ನಾ ನಿನ್ನ ಕೆಟ್ಟದ್ದಕ್ಕ ಹೇಳ್ತೀನೇನು?” ಎಂದು ಕೇಳಿದೆ. ಆಕೆ ತಲೆ ತಗ್ಗಿಸಿ, “ನೀವು ಹೇಳಿದ್ರ ಮುಗೀತ್ರಿ ಅಕ್ಕೋರ” ಅಂದಳು. ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು. ಆ ರಾತ್ರಿ ನನಗೆ ಹೆಮ್ಮೆಯಿಂದ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆರು ತಿಂಗಳಲ್ಲಿ ಆಕೆಯ ಮದುವೆ ತಮ್ಮವರಲ್ಲೇ ಆಯಿತು. ನಾನೂ ಹೋಗಿ ಅಕ್ಷತೆ ಹಾಕಿ ಬಂದೆ. ಹನ್ನೆರಡು ಹದಿಮೂರು ವರ್ಷದ ಮೇಲೆ, ತವರಿಗೆ ಬಂದಾಗ ಶಾಲೆಗೆ ಬಂದು ಕಂಡಳು. ಜೊತೆಗೆ ಮಗಳು. “ಆರಾಮ ಇದ್ದೀ ಏನವಾ?” ಎಂದು ಕೇಳಿದೆ. “ಆರಾಮ ಇದ್ದೀನ್ರಿ. ಮನಿಯವರು ಛಲೋ ಅದಾರ. ಉಣ್ಣಾಕ ಉಡಾಕ ಕಡಿಮಿಲ್ರಿ” ಅಂದಳು. ನನ್ನ ಮನಸ್ಸು ಹಗುರಾಯಿತು. ಏಳುವಾಗ, ಯಾವ ಸಿಟ್ಟೂ ಇಲ್ಲದೆ, ಮರೆತ ಸಾಮಾನು ನೆನಪಾದವಳಂತೆ ಹೇಳಿದಳು: “ಆದ್ರ ಅಕ್ಕೋರ, ಅವತ್ತ ನೀವು ಒಂದ್ ತಾಸ ಹೇಳಿದ್ರಿ. ನನ್ನ ಒಂದ್ ಮಾತೂ ಕೇಳಲಿಲ್ರಿ.”

ಆಕೆ ಹೇಳಿದ್ದು ಅಷ್ಟೇ. ಆ ಹುಡುಗನ ಹೆಸರೆತ್ತಲಿಲ್ಲ, ನನ್ನ ಮೇಲೆ ದೂರು ಹೊರಿಸಲಿಲ್ಲ. ನಾನು ಇಂದಿಗೂ ಆ ಮಾತನ್ನು ನುಂಗಲಾರದೆ ಇದ್ದೇನೆ.

ಈಗ ಮತ್ತೆ ಚಾಮಯ್ಯ ಮೇಷ್ಟರ ಹತ್ತಿರ ಹೋಗೋಣ. ಅವರು ತಪ್ಪು ಮಾಡಿದರು ಎನ್ನುವವರು ಯಾವ ಸಾಕ್ಷಿ ತೋರಿಸುತ್ತಾರೆ? ಅಲಮೇಲುವಿನ ಗತಿಯನ್ನು. ಮೇಷ್ಟರು ತಪ್ಪು ಮಾಡಲಿಲ್ಲ ಎನ್ನುವ ನಮ್ಮ ಅತ್ತೆಯವರೂ ಅದೇ ಗತಿಯನ್ನು ತೋರಿಸಿ, ಅದು ದೈವ ಎನ್ನುತ್ತಾರೆ. ಅಂದರೆ ಇಬ್ಬರೂ ಫಲವನ್ನು ನೋಡಿಯೇ ಅಳೆಯುತ್ತಿದ್ದಾರೆ. ಅಲಮೇಲುವಿಗೆ ಒಳ್ಳೆಯ ಗಂಡ ಸಿಕ್ಕಿದ್ದರೆ? ಮಕ್ಕಳಾಗಿ, ಸುಖವಾಗಿ, ವರ್ಷಕ್ಕೊಮ್ಮೆ ದುರ್ಗಕ್ಕೆ ಬಂದುಹೋಗುತ್ತಿದ್ದರೆ? ಆಗ ಮೇಷ್ಟರು ಮಾಡಿದ್ದು ಸರಿಯಾಗುತ್ತಿತ್ತೆ?

ಕಬ್ಬಿನ ಸುಗ್ಗಿಯಲ್ಲಿ ನಮ್ಮ ರಸ್ತೆಗಳನ್ನು ನೋಡಿದವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು, ಟೇಪು ಜೋರು ಹಚ್ಚಿ, ಹಿಂದಿನ ದೀಪವಿಲ್ಲದೆ ಇಬ್ಬರು ಟ್ರ್ಯಾಕ್ಟರ್ ಓಡಿಸುತ್ತಾರೆ ಎಂದು ಇಟ್ಟುಕೊಳ್ಳಿ. ಒಬ್ಬ ಸುಖವಾಗಿ ಫ್ಯಾಕ್ಟರಿ ಮುಟ್ಟುತ್ತಾನೆ. ಇನ್ನೊಬ್ಬನಿಗೆ ಕತ್ತಲಲ್ಲಿ ಒಂದು ಮೋಟಾರ್ ಸೈಕಲ್ ಬಂದು ಬಡಿಯುತ್ತದೆ. ಒಬ್ಬ ಮನೆಯಲ್ಲಿ ಉಂಡು ಮಲಗುತ್ತಾನೆ, ಇನ್ನೊಬ್ಬ ಪೊಲೀಸ್ ಠಾಣೆಯಲ್ಲಿ. ಊರು ಎರಡನೆಯವನನ್ನೇ ಬೈಯುತ್ತದೆ. ಆದರೆ ಇಬ್ಬರೂ ಓಡಿಸಿದ ರೀತಿ ಒಂದೇ ಅಲ್ಲವೆ? ಮೊದಲನೆಯವನನ್ನು ಕಾಪಾಡಿದ್ದು ಅವನ ಎಚ್ಚರವಲ್ಲ, ರಸ್ತೆ ಖಾಲಿ ಇದ್ದದ್ದು.

ನಾನು ಆ ಮೊದಲನೆಯ ಟ್ರ್ಯಾಕ್ಟರಿನವಳು. ನನ್ನ ಹುಡುಗಿಗೆ ಒಳ್ಳೆಯ ಗಂಡ ಸಿಕ್ಕ. ಅದರಿಂದ ನಾನು ಚಾಮಯ್ಯ ಮೇಷ್ಟರಿಗಿಂತ ದೊಡ್ಡವಳಾಗಲಿಲ್ಲ. ಅವರ ತಪ್ಪು ಆಗಿದ್ದು ಅಲಮೇಲು ಹಾಳಾದ ದಿನವಲ್ಲ. ರಾಮಾಚಾರಿಗೆ ತಮ್ಮ ಮೇಲಿದ್ದ ಭಕ್ತಿಯನ್ನು ಹಗ್ಗ ಮಾಡಿಕೊಂಡು ಅವನನ್ನು ಕಟ್ಟಿದ ದಿನವೇ ಅದು ಆಗಿಹೋಗಿತ್ತು. ಬುದ್ಧಿ ಹೇಳುವುದು ಗುರುವಿನ ಹಕ್ಕು. ಹಾಗೆ ಮಾಡಿದರೆ ಇಂಥ ಕಷ್ಟ ಬಂದೀತು, ಹೀಗೆ ಮಾಡಿದರೆ ಇಂಥದು, ವಿಚಾರ ಮಾಡು ಎನ್ನುವುದು ಬುದ್ಧಿಮಾತು. ‘ನಾ ನಿನ್ನ ಕೆಟ್ಟದ್ದಕ್ಕ ಹೇಳ್ತೀನೇನು?’ ಎಂಬುದು ಬುದ್ಧಿಮಾತಲ್ಲ. ಆ ಪ್ರಶ್ನೆಗೆ ಪ್ರೀತಿಯಿರುವ ಶಿಷ್ಯರು ಇಲ್ಲ ಎಂದು ಮಾತ್ರ ಹೇಳಬಲ್ಲರು. ಅಲ್ಲಿಗೆ ಅವರ ಬಾಯಿ ಮುಚ್ಚಿತು.

ಇನ್ನೊಂದು ಮಾತನ್ನು ಹೆಂಗಸರಾದ ನಾವೂ ಗಮನಿಸುವುದಿಲ್ಲ. ಮೇಷ್ಟರು ಬಂದದ್ದು ರಾಮಾಚಾರಿಯ ಬಳಿಗೆ. ತ್ಯಾಗ ಬೇಡಿದ್ದು ಅವನನ್ನು. ಅದಕ್ಕೂ ಮೊದಲು ಆಕೆಯನ್ನು ಕೊಡುತ್ತೇನೆಂದು ಮಾತು ಕೊಟ್ಟವನು ಅಣ್ಣ. ಒಬ್ಬ ಮಾತು ಕೊಟ್ಟ, ಒಬ್ಬ ಮಾತು ಪಡೆದ, ಒಬ್ಬರು ಬಿಡಿಸಿದರು. ಅಲಮೇಲುವಿನ ಬದುಕು ಮೂರು ಜನ ಗಂಡಸರ ಕೈಯಲ್ಲಿ ಚೆಂಡಿನಂತೆ ತಿರುಗಿತು. ಮೇಷ್ಟರು ರಾಮಾಚಾರಿಗೆ ಅನ್ಯಾಯ ಮಾಡಿದರೋ ಇಲ್ಲವೋ ಎಂದು ಐವತ್ತು ವರ್ಷದಿಂದ ಜಗಳಾಡುತ್ತಿರುವ ನಾವು ಪ್ರಶ್ನೆಯನ್ನೇ ಅರ್ಧ ಕೇಳಿದ್ದೇವೆ. ‘ಮುಂಗಾರು ಮಳೆ’ಯ ನಂದಿನಿಯ ಬಗ್ಗೆ ನಮ್ಮ ಗೆಳತಿ ಕೇಳಿದ್ದೂ ಅದನ್ನೇ.

ಚಾಮಯ್ಯ ಮೇಷ್ಟರ ಪರವಾಗಿಯೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅವರಿಗೆ ಸ್ವಾರ್ಥವಿರಲಿಲ್ಲ. ಆ ಹುಡುಗನ ಮೇಲೆ ಅವರಷ್ಟು ಜೀವ ಇಟ್ಟವರು ಇನ್ನೊಬ್ಬರಿರಲಿಲ್ಲ. ಊರನ್ನು ಎದುರು ಹಾಕಿಕೊಂಡರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಅವರ ಹೆದರಿಕೆ ಸುಳ್ಳಲ್ಲ. 2016ರಲ್ಲಿ ಬಂದ ಮರಾಠಿಯ ‘ಸೈರಾಟ್’ ನೋಡಿದವರಿಗೆ ಆ ಕೊನೆ ನೆನಪಿರಬಹುದು. ಕೂಸಿನ ಕಾಲಿಗೆ ಹತ್ತಿದ ರಕ್ತ ಒಂದು ಚಿತ್ರದ ಕಲ್ಪನೆ ಮಾತ್ರವಲ್ಲ. ಅಂಥ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುವುದು ನಿಂತಿಲ್ಲ. ಇನ್ನೂ ಹಿಂದೆ ಹೋದರೆ, ನಮ್ಮ ಕೂಡಲಸಂಗಮದ ಬಸವಣ್ಣನವರ ಕಾಲದಲ್ಲಿ ಕಲ್ಯಾಣದಲ್ಲಿ ಆದದ್ದೇನು? ಬ್ರಾಹ್ಮಣ ಮೂಲದ ಮಧುವರಸರ ಮಗಳನ್ನು ಸಮಗಾರ ಹರಳಯ್ಯನವರ ಮಗನಿಗೆ ಕೊಟ್ಟದ್ದಕ್ಕೆ ಆ ಇಬ್ಬರು ಬೀಗರನ್ನು ಎಳೆಹೂಟೆ ಶಿಕ್ಷೆಯಲ್ಲಿ ಕೊಂದರು. ಶರಣರು ದಿಕ್ಕಾಪಾಲಾದರು.

ಈ ಕಥೆಯನ್ನು ನಾನು ಪ್ರತಿವರ್ಷ ಬಸವ ಜಯಂತಿಯ ಭಾಷಣದಲ್ಲಿ ಹೇಳುತ್ತೇನೆ. ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಆ ಹುಡುಗಿಯೂ ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದಳು. ಹರಳಯ್ಯ, ಮಧುವರಸರನ್ನು ಹೊಗಳಿದ ಬಾಯಿಂದಲೇ ಆಕೆಗೆ ಊರಿನ ಬಾಯಿಯ ಹೆದರಿಕೆ ಹೇಳಿದೆನಲ್ಲ! ಆಕೆ ಅದನ್ನು ನನಗೆ ನೆನಪಿಸಲಿಲ್ಲ. ಅದು ಆಕೆಯ ದೊಡ್ಡತನ.

ಹಾಗಾದರೆ ಹಿರಿಯರು ಸುಮ್ಮನಿರಬೇಕೆ? ಸುಮ್ಮನಿರುವುದೂ ಒಂದು ರೀತಿಯ ಜಾರಿಕೊಳ್ಳುವಿಕೆ. ಎರಡು ವರ್ಷದ ಹಿಂದೆ ಇನ್ನೊಬ್ಬ ಹಳೆಯ ವಿದ್ಯಾರ್ಥಿನಿ ಅದೇ ಬಗೆಯ ಸಂಕಟ ಹೊತ್ತು ಬಂದಳು. ಈ ಸಲ ನಾನು ಮೊದಲು ಕೇಳಿದೆ. ನಿನಗೆ ಏನು ಬೇಕು, ಯಾಕೆ ಬೇಕು, ಹುಡುಗನ ಮನೆಯವರು ಏನನ್ನುತ್ತಾರೆ, ನಾಳೆ ಯಾರೂ ಬಾಗಿಲು ತೆರೆಯದಿದ್ದರೆ ಎಲ್ಲಿರುತ್ತೀರಿ, ನಿನ್ನ ಕೈಯಲ್ಲಿ ನೌಕರಿ ಇದೆಯೆ? ಆಮೇಲೆ ನನಗೆ ಗೊತ್ತಿದ್ದದ್ದು ಹೇಳಿದೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಹುಡುಗನಿಗೆ 21, ಹುಡುಗಿಗೆ 18 ತುಂಬಿದ್ದರೆ ಜಾತಿ ಧರ್ಮ ಕೇಳದೆ ಮದುವೆಯಾಗಬಹುದು. 30 ದಿನದ ನೋಟಿಸು ಹಾಕುತ್ತಾರೆ, ಆ 30 ದಿನವೇ ಕಠಿಣ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಆಗುವ ಮದುವೆಗೆ ಪಂಚಾಯಿತಿ ಸೇರಿಸಿ ಅಡ್ಡಿ ಮಾಡುವುದು ಅಪರಾಧ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಆದರೆ ಕೋರ್ಟು ದಿಲ್ಲಿಯಲ್ಲಿದೆ, ನೀನು ಇಲ್ಲಿರುತ್ತೀ. ಇದನ್ನೆಲ್ಲ ಹೇಳಿ, ತಂದೆ-ತಾಯಿಯ ಜೊತೆ ನಾನೂ ಬಂದು ಮಾತಾಡಲೇ ಎಂದು ಕೇಳಿದೆ. ಆಕೆ ವಿಚಾರ ಮಾಡಿ ಹೇಳುತ್ತೇನೆಂದು ಹೋದಳು. ಏನು ಮಾಡಿದಳೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರು ಮತ್ತೆ ಫಲವನ್ನು ನೋಡಿಯೇ ನನ್ನನ್ನು ಅಳೆಯುತ್ತೀರಿ.

ಆ ಮಧ್ಯಾಹ್ನದ ಜಗಳ ಅಂದು ಮುಗಿಯಲಿಲ್ಲ. ಮರುದಿನ ಅಣ್ಣನ ಮಗಳು ಊರಿಗೆ ಹೋದ ಮೇಲೆ ನಾನು ಅತ್ತೆಯವರ ಹತ್ತಿರ ಕುಳಿತು, “ಅತ್ತಿ, ನಿಮ್ಮ ಮದವ್ಯಾಗ ನಿಮ್ಮನ್ನ ಯಾರರೆ ಕೇಳಿದ್ರೇನ್ರಿ?” ಅಂದೆ. ಅವರಿಗೆ ಮದುವೆಯಾದಾಗ ಹದಿನಾಲ್ಕು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳಿದ್ರ ನಾ ಏನ್ ಹೇಳ್ತಿದ್ನವಾ? ನನಗ ಏನ್ ತಿಳೀತಿತ್ತು?” ಅಂದರು. ಆಮೇಲೆ, “ಮಾಸ್ತರದು ತಪ್ಪಂದ್ರ ನಮ್ಮಪ್ಪಂದೂ ತಪ್ಪಂದಂಗಾತು. ಸತ್ತಾವರನ್ನ ಈಗ ಹೆಂಗ ತಪ್ಪ ಅನ್ಲಿ?” ಅಂದರು.

ಚಾಮಯ್ಯ ಮೇಷ್ಟರ ಪರ ಅವರು ಯಾಕೆ ಅಷ್ಟು ಗಟ್ಟಿಯಾಗಿ ನಿಂತರೆಂದು ನನಗೆ ಆಗ ತಿಳಿಯಿತು. ಅಣ್ಣನ ಮಗಳು ಯಾಕೆ ಅಷ್ಟು ಸಿಟ್ಟಾದಳೆಂಬುದೂ ತಿಳಿಯಿತು. ಆಕೆಯ ಮುಂದೆ ಇನ್ನೂ ಆ ದಿನ ಬರಬೇಕಾಗಿದೆ. ವೈನಿ ಜಾರಿಕೊಂಡದ್ದೂ ಅದಕ್ಕೇ. ನಾಳೆ ತೀರ್ಮಾನ ಮಾಡಬೇಕಾದವಳು ಆಕೆ. ಇನ್ನು ಮೇಲೆ ಒಂದು ಚಿತ್ರದ ಬಗ್ಗೆ ಯಾರಾದರೂ ನನಗಿಂತ ಬೇರೆ ಮಾತಾಡಿದರೆ, ಅವರಿಗೆ ಕಲೆ ತಿಳಿಯದು ಎನ್ನುವ ಮೊದಲು ಅವರು ಎಲ್ಲಿ ನಿಂತು ನೋಡುತ್ತಿದ್ದಾರೆಂದು ಕೇಳಬೇಕು ಎಂದುಕೊಂಡಿದ್ದೇನೆ. ಹಾಗೆಂದು ಎಲ್ಲರೂ ಸರಿ ಎಂದು ನಾನು ಹೇಳುತ್ತಿಲ್ಲ. ಅತ್ತೆಯವರ ದುಃಖ ನನಗೆ ಅರ್ಥವಾಗುತ್ತದೆ. ಆದರೂ ಮೇಷ್ಟರದು ತಪ್ಪೇ, ನನ್ನದೂ ತಪ್ಪೇ.

ಅತ್ತೆಯವರ ಪ್ರಶ್ನೆಯೊಂದು ಮಾತ್ರ ನನ್ನ ಬಳಿ ಉಳಿದಿದೆ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ? ಕೇಳುವವರಿದ್ದರೆ ಸಾಲದು, ಹೇಳಬಲ್ಲವರೂ ಇರಬೇಕು. ಹದಿನಾಲ್ಕು ವರ್ಷದ ಹುಡುಗಿಯರು ಈಗ ನನ್ನ ಒಂಬತ್ತನೆಯ ತರಗತಿಯಲ್ಲಿ ಬೆಂಚಿನ ಮೇಲೆ ಕೂತಿರುತ್ತಾರೆ. ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾರೆ. ‘ನೀವ ಹೇಳ್ರಿ ಅಕ್ಕೋರ’ ಅನ್ನುತ್ತಾರೆ. ಈ ವರ್ಷದಿಂದ ನಾನು ಹೇಳುವುದಿಲ್ಲ. ಅವರು ಬಾಯಿ ಬಿಡುವವರೆಗೆ ಕಾಯುತ್ತೇನೆ. ಪೋರ್ಷನ್ನು ಸ್ವಲ್ಪ ಹಿಂದೆ ಬೀಳುತ್ತದೆ, ಹೆಡ್ ಮಾಸ್ತರರು ಕೇಳುತ್ತಾರೆ. ಬಿದ್ದರೆ ಬೀಳಲಿ.